ಪಿನ್ ಕೂತ್ರೆ ಆಯ್ತು ಅಂದ್ರು, ಅಪ್ಪನ ಬ್ಯಾಟ್ರಿ ಹೊಗೆ ಎದ್ದಿತು

ನಾನಿರುವುದು ಮೈಸೂರಿನಲ್ಲಿ, ಊರು ಪಾಂಡವಪುರದ ಪಕ್ಕ. ಕಬ್ಬಿಗೆ ನೀರು ಬಿಡಲು ಅಪ್ಪ ರಾತ್ರಿ ಹೊತ್ತು ಗದ್ದೆಗೆ ಹೋಗಲೇಬೇಕು, ತ್ರೀ ಫೇಸ್ ಕರೆಂಟು ನಮ್ಮನ್ನು ಕೇಳಿಕೊಂಡು ಬರುತ್ತದಾ? ಹಾಗಾಗಿ ತಲೆಗೆ ಕಟ್ಟಿಕೊಳ್ಳುವ ಚಾರ್ಜಿಂಗ್ ಬ್ಯಾಟ್ರಿ ಅವರಿಗೆ ಬೇಕೇ ಬೇಕು. (ನಮ್ಮ ಕಡೆ ಟಾರ್ಚಿಗೇ ಬ್ಯಾಟ್ರಿ ಅನ್ನುವುದು, ಒಳಗಿರುವುದು ಸೆಲ್ಲು.) ಅದರ ಚಾರ್ಜರ್ ವೈರನ್ನು ಇಲಿ ಕಡಿದುಹಾಕಿತ್ತು.

ಮೈಸೂರಿನ ಒಂದು ಅಂಗಡಿಯಲ್ಲಿ ಕೇಳಿದೆ. ಹೆಸರು ಬೇಡ ಬಿಡಿ. ಬ್ಯಾಟ್ರಿಯ ದುಂಡು ತೂತಿಗೆ ಒಂದೊಂದೇ ಅಡಾಪ್ಟರ್ ಹಾಕಿ ನೋಡಿ, ಮೂರನೆಯದು ಟಕ್ ಅಂತ ಕೂತಿದ್ದೇ ತಡ, ‘ಪಿನ್ ಕೂತ್ರೆ ಆಯ್ತು ಸಾರ್, ಎಲ್ಲಾ ಒಂದೇ’ ಅಂದರು. 150 ರೂಪಾಯಿ ಕೊಟ್ಟು ಬಂದೆ. ಮೇಲೆ ಏನು ಬರೆದಿದೆ ಅಂತ ನೋಡಲೇ ಇಲ್ಲ, ಇದು ನನ್ನ ದಡ್ಡತನ.

ಊರಿಗೆ ಹೋಗಿ ಜಗಲಿಯ ಮೇಲೆ ಚಾರ್ಜಿಗೆ ಹಾಕಿ ಊಟಕ್ಕೆ ಕೂತೆ. ಅರ್ಧ ಮುದ್ದೆ ಮುಗಿದಿರಲಿಲ್ಲ, ಅಪ್ಪ ಆಚೆಯಿಂದ ‘ಏನ್ಲಾ ಇದು, ಹೊಗೆ ಬತ್ತಾದೆ!’ ಅಂತ ಕೂಗಿದರು. ಬ್ಯಾಟ್ರಿಯ ಹಿಂಭಾಗ ಊದಿಕೊಂಡು ಪ್ಲಾಸ್ಟಿಕ್ ಬಿರುಕು ಬಿಟ್ಟಿತ್ತು, ಮೂಗಿಗೆ ಕುಟುಕುವ ವಾಸನೆ. ಸ್ವಿಚ್ ಆಫ್ ಮಾಡಿ, ಕೋಲಿನಿಂದ ಅಂಗಳಕ್ಕೆ ತಳ್ಳಿ, ಮೇಲೆ ಮರಳು ಸುರಿದೆವು. ರಾತ್ರಿ ಮಲಗುವಾಗ ಹಾಕಿದ್ದರೆ, ಪಕ್ಕದಲ್ಲೇ ಒಣಹುಲ್ಲಿತ್ತು.

ಆಮೇಲೆ ಎರಡು ಅಡಾಪ್ಟರನ್ನೂ ಮಗ್ಗುಲಲ್ಲಿಟ್ಟು ಓದಿದೆ. ಹಳೆಯದರ ಔಟ್‌ಪುಟ್ 5 ವೋಲ್ಟ್, 1 ಆಂಪಿಯರ್. ಹೊಸದು 12 ವೋಲ್ಟ್, 1 ಆಂಪಿಯರ್, ವೈಫೈ ಡಬ್ಬಿಗೆ ಬರುತ್ತದಲ್ಲ ಅಂಥದ್ದು. ಒಳಗಿನ ಲಿಥಿಯಂ ಸೆಲ್ಲು ಪೂರ್ತಿ ತುಂಬಿದರೂ 4.2 ವೋಲ್ಟೇ. ಇಂಥ ಅಗ್ಗದ ಬ್ಯಾಟ್ರಿಯಲ್ಲಿ ಜಾಸ್ತಿ ವೋಲ್ಟನ್ನು ತಡೆಯುವ ಸರ್ಕಿಟ್ಟನ್ನು ಯಾರು ಇಟ್ಟಿರುತ್ತಾರೆ? ಅಪ್ಪನಿಗೆ ಇದನ್ನು ಹೇಗೆ ಹೇಳುವುದು ಅಂತ ತಡವರಿಸುತ್ತಿದ್ದರೆ ಅವರೇ, ‘ಡ್ರಿಪ್ ಪೈಪಿಗೆ ಮೋಟ್ರು ನೀರ ನೇರ ಬಿಟ್ಟಂಗೆ ಅನ್ನು’ ಅಂದರು. ಅಷ್ಟೇ ವಿಷಯ. ವೋಲ್ಟನ್ನು ಚಾರ್ಜರ್ ತಳ್ಳುತ್ತದೆ, ಆಂಪಿಯರನ್ನು ಸಾಮಾನು ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಹಾಗಾಗಿ ದುಂಡು ಪಿನ್ನಿನದಾದರೆ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ತೊಂದರೆಯಿಲ್ಲ. ಪ್ಲಸ್ಸು ಒಳಗೋ ಹೊರಗೋ ಅನ್ನುವ ಪುಟ್ಟ ಚಿತ್ರವೂ ಇರುತ್ತದೆ, ಅದೂ ಹೊಂದಬೇಕು.

ಮೊಬೈಲಿನ ಟೈಪ್ ಸಿ ಕಥೆ ಬೇರೆ. 65 ವ್ಯಾಟಿನ ಚಾರ್ಜರ್ ಹಾಕಿದರೆ ಫೋನ್ ಸುಟ್ಟುಹೋಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಸರಿಯಾಗಿ ಮಾಡಿದ ಪಿಡಿ (ಪವರ್ ಡೆಲಿವರಿ, ಅಂದರೆ ಎಷ್ಟು ವೋಲ್ಟ್ ಬೇಕು ಅಂತ ಫೋನನ್ನು ಕೇಳಿಕೊಂಡು ಕೊಡುವ) ಚಾರ್ಜರ್ ಆದರೆ ಹಾಗಾಗಲ್ಲ. ಅದು 5 ವೋಲ್ಟಿನಿಂದ ಶುರು ಮಾಡಿ, ಫೋನು ಕೇಳಿದರೆ ಮಾತ್ರ 9 ವೋಲ್ಟಿಗೋ ಅದಕ್ಕಿಂತ ಮೇಲಕ್ಕೋ ಏರುತ್ತದೆ. ವೋಲ್ಟನ್ನು ಆಂಪಿಯರಿಂದ ಗುಣಿಸಿದರೆ ವ್ಯಾಟು, 9 ವೋಲ್ಟ್ 2 ಆಂಪಿಯರ್ ಅಂದರೆ 18. ಅಂಥ 18 ವ್ಯಾಟಿನ ಚಾರ್ಜರಿನಲ್ಲಿ 65 ವ್ಯಾಟ್ ಕೇಳುವ ಲ್ಯಾಪ್‌ಟಾಪ್ ತುಂಬಾ ನಿಧಾನ ತುಂಬುತ್ತದೆ, ಕೆಲವು ತಗೊಳ್ಳುವುದೇ ಇಲ್ಲ.

ಭಯ ಇರುವುದು ಸುಮ್ನೆ 65 ಅಂತ ಅಚ್ಚೊತ್ತಿದ, ಕೈಲಿ ಹಿಡಿದರೆ ಬೆಂಕಿಪೊಟ್ಟಣದಷ್ಟು ಹಗುರ ಇರುವ ಮಾಲಿನದು. ಅಂಥದ್ದರ ಒಳಗೆ ಗೋಡೆಯ 230 ವೋಲ್ಟಿಗೂ ನಿಮ್ಮ ಫೋನಿಗೂ ನಡುವೆ ಸರಿಯಾದ ಅಂತರ ಬಿಟ್ಟಿರುತ್ತಾರೆ ಅಂತ ನಂಬಬೇಡಿ. ಚಾರ್ಜರಿನ ಮೇಲೆ ಬಿಐಎಸ್ (ಸಾಮಾನಿನ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಗುರುತು, ಆರ್ ಅಕ್ಷರದ ಮುಂದೆ 8 ಅಂಕಿ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪಿಗೆ ಆ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಅಂತ ಬರುತ್ತದೆ. ನಾನು ಕೊಂಡಿದ್ದರ ಮೇಲೆ ನಂಬರೇ ಇರಲಿಲ್ಲ.

ವಾಪಸ್ ಅಂಗಡಿಗೆ ಹೋಗಿದ್ದೆ. ‘ವೋಲ್ಟ್ ಎಷ್ಟು ಬೇಕು ಅಂತ ನೀವು ಹೇಳ್ಬೇಕಿತ್ತಲ್ವಾ ಸಾರ್’ ಅಂದರು! ದುಡ್ಡು ಬರಲಿಲ್ಲ.

ಊದಿದ ಬ್ಯಾಟ್ರಿ ಈಗ ಮರಳು ತುಂಬಿದ ಹಳೇ ಎಣ್ಣೆ ಡಬ್ಬದಲ್ಲಿ ಅಂಗಳದ ಮೂಲೆಯಲ್ಲಿದೆ. ಚುಚ್ಚಬಾರದು, ಕಸದ ಗಾಡಿಗೂ ಹಾಕಬಾರದು, ಇ-ತ್ಯಾಜ್ಯ ತಗೊಳ್ಳುವ ಕಡೆಗೇ ಕೊಡಬೇಕು. ಮುಂದಿನ ವಾರ ತಗೊಂಡು ಹೋಗುತ್ತೇನೆ. ಅಲ್ಲಿವರೆಗೆ ಅವ್ವ ಕೋಳಿಗಳನ್ನೂ ಆ ಕಡೆ ಬಿಡುತ್ತಿಲ್ಲ.