ಆನ್ ಆಗದ ಕ್ಯಾಮೆರಾಗೆ ತರಿಸಿದ ಕ್ಲೀನಿಂಗ್ ಕಿಟ್: ಯಾವುದು ಕೆಲಸಕ್ಕೆ ಬಂತು, ಯಾವುದು ಸುಮ್ನೆ

ಕ್ಯಾಮೆರಾ ಆನ್ ಆಗುತ್ತಿಲ್ಲ, ಕ್ಲೀನ್ ಮಾಡಿದರೆ ಸರಿಹೋಗಬಹುದು ಅಂದುಕೊಂಡು ಕಿಟ್ ತರಿಸೋಕೆ ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ನಾನು ಹಾಗೆಯೇ ಅಂದುಕೊಂಡು ತರಿಸಿದೆ. ಡಬ್ಬದಲ್ಲಿ ಗಾಳಿ ಊದುವ ರಬ್ಬರ್ ಬ್ಲೋವರ್, ಬ್ರಷ್, ಲೆನ್ಸ್ ಪೆನ್, ಮೈಕ್ರೋಫೈಬರ್ ಬಟ್ಟೆ, ಸ್ಪ್ರೇ ಬಾಟಲಿ, ಹತ್ತಿ ಕಡ್ಡಿಗಳು, ಸೆನ್ಸರ್ ಅಂದರೆ ಚಿತ್ರ ಹಿಡಿಯುವ ಚಿಪ್ಪನ್ನು ಒರೆಸುವ ಆರು ಸ್ವ್ಯಾಬ್ ಇದ್ದವು. ನೋಡೋಕೆ ಚೆಂದ. ಆದರೆ ಕ್ಯಾಮೆರಾಗೆ ಜೀವ ಬಂದದ್ದು ಈ ಡಬ್ಬದಲ್ಲಿ ಇಲ್ಲದ ವಸ್ತುಗಳಿಂದ.

ನನ್ನದು ಎರಡು ಎಎ ಸೆಲ್ ಹಾಕುವ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ. ಬೀರುವಿನಲ್ಲಿ ಸೆಲ್ ಸಮೇತ ವರ್ಷಗಟ್ಟಲೆ ಮಲಗಿತ್ತು. ತಪ್ಪು ನನ್ನದೇ. ಹೊಸ ಸೆಲ್ ಹಾಕಿ ಬಟನ್ ಒತ್ತಿದರೆ ಏನೂ ಇಲ್ಲ. ಲೈಟ್ ಇಲ್ಲ, ಲೆನ್ಸ್ ಕದಲಲಿಲ್ಲ, ಕೀ ಅಂತ ಒಂದು ಸದ್ದೂ ಇಲ್ಲ. ಮಲ್ಟಿಮೀಟರ್ ಇಟ್ಟು ನೋಡಿದೆ, ಒಂದೊಂದು ಸೆಲ್ಲೂ 1.5 ವೋಲ್ಟಿಗಿಂತ ಸ್ವಲ್ಪ ಜಾಸ್ತಿಯೇ ತೋರಿಸಿತು. ಅಂದರೆ ಸೆಲ್ ಸರಿಯಿದೆ.

ಆಮೇಲೆ ಫೋನಿನ ಟಾರ್ಚ್ ಹಾಕಿ ಸೆಲ್ ಕೂರುವ ಜಾಗದೊಳಗೆ ಇಣುಕಿದೆ. ತಳದ ಸ್ಪ್ರಿಂಗ್ ಸುತ್ತ ಉಪ್ಪು ಕಟ್ಟಿದ ಹಾಗೆ ಬಿಳಿ ಪುಡಿ, ಅದರ ಅಂಚಿನಲ್ಲಿ ಹಸಿರು ಕಿಲುಬು. ಹಳೆಯ ಸೆಲ್ ಸೋರಿತ್ತು! ಹೊಸ ಸೆಲ್ ಹಾಕುವಾಗ ಒಳಗೆ ಒಮ್ಮೆ ನೋಡಬೇಕು ಅಂತಲೂ ನನಗೆ ಹೊಳೆದಿರಲಿಲ್ಲ ನೋಡಿ.

ಇಲ್ಲಿ ಕಿಟ್‌ನ ಸ್ಪ್ರೇ ಕೈಗೆ ಬಂತು. ಬಾಟಲಿ ಮೇಲೆ ‘ಎಲ್ಲಾ ಕೊಳೆಗೂ’ ಅಂತ ಬರೆದಿದೆ, ಒಳಗೆ ಏನಿದೆ ಅಂತ ಮಾತ್ರ ಎಲ್ಲೂ ಬರೆದಿಲ್ಲ. ವಾಸನೆ ನೋಡಿದರೆ ಆಲ್ಕೋಹಾಲ್. ಹತ್ತಿ ಕಡ್ಡಿಗೆ ಹಾಕಿಕೊಂಡು ತಿಕ್ಕಿದೆ, ತಿಕ್ಕಿದೆ, ಬಿಳಿ ಪುಡಿ ಅತ್ತ ಇತ್ತ ಮೆತ್ತಿಕೊಂಡಿತೇ ಹೊರತು ಹೋಗಲಿಲ್ಲ. ಹೋಗೋದೂ ಇಲ್ಲ. ಆಲ್ಕಲೈನ್ ಸೆಲ್ ಒಳಗೆ ಇರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಹೊರಗೆ ಸೋರಿ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗುತ್ತದೆ. ಆ ಬಿಳಿ ಪುಡಿ ಅದೇ. ಅದು ನೀರಿನಲ್ಲಿ ಕರಗುತ್ತದೆ, ಆಲ್ಕೋಹಾಲ್‌ನಲ್ಲಿ ಕರಗೋದಿಲ್ಲ. ಹಸಿರು ಬಣ್ಣದ್ದು ತಾಮ್ರದ ಕಿಲುಬು, ಅದು ಬರೀ ನೀರಿಗೂ ಬಗ್ಗೋದಿಲ್ಲ.

ಎರಡೂ ಒಟ್ಟಿಗೆ ಹೋಗಬೇಕೆಂದರೆ ಹುಳಿ ಬೇಕು. ವಿನೆಗರ್ ತಂದು ಹತ್ತಿ ಕಡ್ಡಿಯ ತುದಿ ಮಾತ್ರ ಅದ್ದಿ, ಹಿಂಡಿ, ಸ್ಪ್ರಿಂಗಿಗೆ ಮುಟ್ಟಿಸಿದೆ. ಸಣ್ಣಗೆ ನೊರೆ ಬಂತು. ಸರ್ರ್ ಅಂತ ಸದ್ದು ಕೇಳುವಷ್ಟಲ್ಲ, ಕಿವಿ ಹತ್ತಿರ ಹಿಡಿದರೆ ಗೊತ್ತಾಗುವಷ್ಟು. ಕಡ್ಡಿಯ ತುದಿ ಹಸಿರಾಯಿತು. ಎಸೆದು ಇನ್ನೊಂದು ತೆಗೆದುಕೊಂಡೆ. ಹೀಗೆ ಹತ್ತು ಹನ್ನೆರಡು ಕಡ್ಡಿ ಖರ್ಚಾದವು, ಅಷ್ಟರಲ್ಲಿ ಸ್ಪ್ರಿಂಗ್‌ನ ಲೋಹ ಕಾಣಿಸಿತು. ಕ್ಯಾಮೆರಾವನ್ನು ಸೆಲ್ ಹಾಕುವ ಬಾಯಿ ನೆಲಕ್ಕೆ ಇರುವ ಹಾಗೆ ಹಿಡಿದುಕೊಂಡೇ ಈ ಕೆಲಸ ಮಾಡಬೇಕು. ಇಲ್ಲದಿದ್ದರೆ ಹನಿ ಒಳಗಿನ ಬೋರ್ಡಿಗೆ ಇಳಿಯುತ್ತದೆ. ಕೈಗೆ ಗ್ಲೌಸ್ ಇರಲಿ, ಆ ಸೋರಿಕೆ ಚರ್ಮವನ್ನು ಸುಡುತ್ತದೆ. ಆಮೇಲೆ ನೀರಿನಲ್ಲಿ ಅದ್ದಿ ಹಿಂಡಿದ ಕಡ್ಡಿಯಿಂದ ಹುಳಿ ಒರೆಸಿದೆ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿದೆ. ಉಳಿದ ತೇವವನ್ನು ಅದು ತನ್ನ ಜೊತೆ ಎಳೆದುಕೊಂಡು ಆರಿಹೋಗುತ್ತದೆ. ಅದರಲ್ಲೂ 99 ಶೇಕಡಾದ್ದೇ ಒಳ್ಳೆಯದು, 70 ಶೇಕಡಾದ್ದರಲ್ಲಿ ಉಳಿದದ್ದೆಲ್ಲಾ ನೀರು ಅಲ್ವಾ.

ಕಿಟ್‌ನ ಬ್ಲೋವರ್‌ಗೆ ಮಾತ್ರ ಪೂರ್ತಿ ಮಾರ್ಕ್ಸ್. ರಬ್ಬರ್ ಗಟ್ಟಿಯಾಗಿದೆ, ಮೂತಿ ಉದ್ದ, ಒಂದು ಸಲ ಹಿಂಡಿದರೆ ಸ್ಪ್ರಿಂಗ್ ಹಿಂದೆ ಕೂತಿದ್ದ ಪುಡಿಯೂ ಹೊರಗೆ ಬಂತು. ಲೆನ್ಸ್ ಕೊಳವೆಯ ಸುತ್ತಲಿನ ಸಂದಿಗೂ ಊದಿದೆ. ಪುಟ್ಟ ಕ್ಯಾಮೆರಾಗಳಲ್ಲಿ ಆ ಸಂದಿಯಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಲೆನ್ಸ್ ಅರ್ಧಕ್ಕೆ ನಿಂತು ಕ್ಯಾಮೆರಾ ತಾನೇ ಆಫ್ ಆಗುತ್ತದೆ. ಬ್ಲೋವರ್ ಬದಲು ಕ್ಯಾನ್‌ನಲ್ಲಿ ಬರುವ ಗಾಳಿ ಸ್ಪ್ರೇ ಬಳಸೋಕೆ ಹೋಗಬೇಡಿ. ಕ್ಯಾನ್ ಓರೆ ಮಾಡಿದರೆ ಒಳಗಿನ ದ್ರವವೇ ಹೊರಗೆ ಚಿಮ್ಮುತ್ತದೆ.

ಇಷ್ಟೆಲ್ಲಾ ಮಾಡಿ ಸೆಲ್ ಹಾಕಿ ಬಟನ್ ಒತ್ತಿದರೆ, ಮತ್ತೆ ಏನೂ ಇಲ್ಲ! ಅರ್ಧ ದಿನ ಕ್ಯಾಮೆರಾ ಮುಖ ನೋಡಲಿಲ್ಲ. ಸಂಜೆ ಸುಮ್ನೆ ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿಕೊಂಡು ಬಟನ್ ಅದುಮಿದೆ, ಝುಂಯ್ ಅಂತ ಲೆನ್ಸ್ ಹೊರಗೆ ಬಂತು. ಬೆರಳು ತೆಗೆದೆ, ಸತ್ತಿತು. ಒತ್ತಿದೆ, ಬದುಕಿತು. ಆಗ ಅರ್ಥವಾಯಿತು. ಈ ಥರದ ಕ್ಯಾಮೆರಾದಲ್ಲಿ ಎರಡು ಸೆಲ್‌ಗಳನ್ನು ಜೋಡಿಸೋದು ಮುಚ್ಚಳದ ಒಳಗಿರುವ ಲೋಹದ ಪಟ್ಟಿ. ಒಳಗಿನ ಸ್ಪ್ರಿಂಗ್ ತಿಕ್ಕುತ್ತಾ ಕೂತವನು ಪಟ್ಟಿಯನ್ನು ನೋಡಿರಲೇ ಇಲ್ಲ. ಅದು ವರ್ಷಗಟ್ಟಲೆ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾಗಿತ್ತು, ಮೇಲೆ ತೆಳುವಾಗಿ ಕಪ್ಪು ಕೂತಿತ್ತು. ಅದಕ್ಕೂ ವಿನೆಗರ್ ಉಪಚಾರ ಮಾಡಿ, ಟೂತ್‌ಪಿಕ್‌ನಿಂದ ಪಟ್ಟಿಯ ತುದಿಯನ್ನು ಒಂದೇ ಒಂದು ಕೂದಲೆಳೆ ಮೇಲೆತ್ತಿದೆ. ಅಷ್ಟೇ ಸಾಕಾಯಿತು. ಮರಳು ಕಾಗದ ಹಾಕಿ ತಿಕ್ಕಿ ಅಂತ ಕೆಲವರು ಹೇಳುತ್ತಾರೆ, ನಾನು ಮಾಡಲಿಲ್ಲ. ಮೇಲಿನ ಲೇಪ ಕಿತ್ತುಹೋದರೆ ಮುಂದಿನ ಸಲ ತುಕ್ಕು ಬೇಗ ಹಿಡಿಯುತ್ತದೆ.

ಲಿಥಿಯಂ ಬ್ಯಾಟರಿಯ ದೊಡ್ಡ ಕ್ಯಾಮೆರಾ ಇದ್ದವರು ಮುಚ್ಚಳದ ಅಂಚಿನ ಪುಟ್ಟ ಪ್ಲಾಸ್ಟಿಕ್ ಮೊಳೆಯನ್ನು ನೋಡಿ. ಮುಚ್ಚಳ ಹಾಕಿದಾಗ ಅದು ಒಳಗಿನ ಸ್ವಿಚ್ಚನ್ನು ಒತ್ತಬೇಕು. ಅದು ಮುರಿದಿದ್ದರೆ ಬ್ಯಾಟರಿ ಎಷ್ಟೇ ಚೆನ್ನಾಗಿದ್ದರೂ ಕ್ಯಾಮೆರಾ ಏಳೋದಿಲ್ಲ. ಮೆಮೊರಿ ಕಾರ್ಡ್ ತೆಗೆದು, ಲೆನ್ಸ್ ಬಿಚ್ಚಿ ಒಮ್ಮೆ ಆನ್ ಮಾಡಿ ನೋಡಿ, ಕೆಟ್ಟ ಕಾರ್ಡ್ ಒಂದೇ ಸಾಕು ಕ್ಯಾಮೆರಾವನ್ನು ಸ್ತಬ್ಧ ಮಾಡೋಕೆ. ಇದ್ಯಾವುದಕ್ಕೂ ಸ್ಕ್ರೂಡ್ರೈವರ್ ಬೇಡ. ಫ್ಲ್ಯಾಶ್ ಇರುವ ಕ್ಯಾಮೆರಾವನ್ನು ಬಿಚ್ಚೋಕಂತೂ ಹೋಗಲೇಬೇಡಿ. ಫ್ಲ್ಯಾಶ್‌ಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಉಳಿದಿರಬಹುದು.

ಇನ್ನು ಕಿಟ್‌ನ ಉಳಿದ ಸಾಮಾನು. ಲೆನ್ಸ್ ಪೆನ್ ಚೆನ್ನಾಗಿದೆ. ಬೆರಳಚ್ಚು ಎರಡು ಸುತ್ತಿಗೆ ಹೋಯಿತು, ಆದರೆ ಮೊದಲು ಧೂಳು ಊದಿ ಆಮೇಲೆ ಒರೆಸಿ, ಇಲ್ಲದಿದ್ದರೆ ಗಾಜಿನ ಮೇಲೆ ಗೀರು ಖಂಡಿತ. ಬಟ್ಟೆ ಪರವಾಗಿಲ್ಲ. ಬ್ರಷ್ ಮಾತ್ರ ಧೂಳು ತೆಗೆಯೋದಕ್ಕಿಂತ ತನ್ನ ಕೂದಲನ್ನೇ ಜಾಸ್ತಿ ಬಿಡುತ್ತದೆ, ಲೆನ್ಸ್ ಮೇಲಿಂದ ಮೂರು ಎಳೆ ಹೆಕ್ಕಿದೆ. ಸೆನ್ಸರ್ ಸ್ವ್ಯಾಬ್‌ಗಳು ನನ್ನ ಕ್ಯಾಮೆರಾಗೆ ದಂಡ, ಅದರ ಸೆನ್ಸರ್ ಕೈಗೇ ಸಿಗೋದಿಲ್ಲ. ಸಿಗುವವರಿಗೂ ಅಳತೆ ನೋಡದೆ ಉಪಯೋಗವಿಲ್ಲ: ಇವು 24 ಮಿಲಿಮೀಟರ್ ಅಗಲದವು, ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರ್‌ಗೆ ಸರಿ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್‌ಗೆ 16 ಮಿಲಿಮೀಟರಿನದು ಬೇಕು. ಡಬ್ಬದ ಮೇಲೆ ‘ಎಲ್ಲಾ ಕ್ಯಾಮೆರಾಗಳಿಗೂ’ ಅಂತ ದೊಡ್ಡದಾಗಿ ಹಾಕಿದ್ದಾರೆ, ಅದೇ ಬೇಜಾರು.

ಐದಕ್ಕೆ ಮೂರು ಸ್ಟಾರ್. ಎರಡು ಬ್ಲೋವರ್‌ಗೆ, ಒಂದು ಲೆನ್ಸ್ ಪೆನ್‌ಗೆ. ಅವೆರಡು ಬಿಡಿಯಾಗಿ ಸಿಕ್ಕರೆ ಡಬ್ಬ ಬೇಡ.

ಕ್ಯಾಮೆರಾ ಈಗ ಓಡುತ್ತಿದೆ. ಆಲ್ಕಲೈನ್ ಬಿಟ್ಟು ರೀಚಾರ್ಜ್ ಮಾಡುವ ಎನ್‌ಐಎಂಎಚ್ ಸೆಲ್ ಹಾಕಿದ್ದೇನೆ. ಅದು 1.2 ವೋಲ್ಟ್ ಅಂತ ಕಡಿಮೆ ಕಂಡರೂ ಫ್ಲ್ಯಾಶ್ ಹೊಡೆಯುವಾಗ ಅಷ್ಟು ಬೇಗ ಕುಸಿಯೋದಿಲ್ಲ. ಕೆಲಸ ಮುಗಿದ ಮೇಲೆ ಸೆಲ್ ಹೊರಗೆ ತೆಗೆದಿಡುತ್ತೇನೆ. ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗಲೂ ಅದು ಇವತ್ತು ಯಾವ ತಾರೀಕು ಅಂತ ನನ್ನನ್ನೇ ಕೇಳುತ್ತದೆ.