ಹೈಸ್ಕೂಲ್ ಮಕ್ಕಳ ಎಲೆಕ್ಟ್ರಿಕಲ್ ಕೋರ್ಸ್: ವರ್ಕ್‌ಶಾಪ್‌ಗೆ ಐದಕ್ಕೆ ಐದು, ಉಳಿದದ್ದಕ್ಕೆ ಎರಡು

ಮಗಳು ಹೈಸ್ಕೂಲ್ ಜೊತೆಗೇ ಮಾಡುತ್ತಿರುವ ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್ ಕೋರ್ಸ್‌ನ ಮೊದಲ ವರ್ಷ ಮುಗಿದಿದೆ. ನೇರವಾಗಿ ಹೇಳುತ್ತೇನೆ. ವರ್ಕ್‌ಶಾಪ್ ಒಳಗೆ ನಡೆಯುವುದು ತುಂಬಾ ಚೆನ್ನಾಗಿದೆ, ಆ ಬಾಗಿಲಿನಿಂದ ಆಚೆಗೆ ನಡೆಯುವುದರಲ್ಲಿ ಮುಕ್ಕಾಲು ಪಾಲು ಕಾಟಾಚಾರ. ಸಂಸ್ಥೆಯ ಹೆಸರು ಹಾಕುವುದಿಲ್ಲ. ಇಂಥ ಕೋರ್ಸ್‌ಗಳ ಬ್ರೋಷರ್ ಎಲ್ಲಾ ಒಂದೇ ಅಚ್ಚಿನವು: ಹೆಲ್ಮೆಟ್ ಹಾಕಿಕೊಂಡು ನಗುವ ಮಕ್ಕಳು, ಪಕ್ಕದಲ್ಲೊಂದು ರೋಬೋಟ್. ಹೆಸರಿಗಿಂತ ಒಳಗೆ ಹೋಗಿ ಏನು ನೋಡಬೇಕು ಅನ್ನುವುದು ಗೊತ್ತಾದರೆ ಸೇರಿಸುವವರಿಗೆ ಜಾಸ್ತಿ ಉಪಯೋಗ.

'ಮಾಡಿ ಕಲಿ' ಅಂತ ಎಲ್ಲರೂ ಬರೆದುಕೊಳ್ಳುತ್ತಾರೆ. ನಾನು ನೋಡುವುದು ಒಂದೇ, ಉಪಕರಣ ಯಾರ ಕೈಯಲ್ಲಿದೆ ಅಂತ. ಮೇಷ್ಟ್ರು ಮುಂದೆ ನಿಂತು ಮಾಡುತ್ತಾರೆ, ಮಕ್ಕಳು ಕತ್ತು ಉದ್ದ ಮಾಡಿ ನೋಡುತ್ತಾರೆ ಅಂದರೆ ಅದು ಪ್ರದರ್ಶನ, ಪಾಠ ಅಲ್ಲ. ಇಲ್ಲಿ ಬೋರ್ಡ್ ಇಬ್ಬರಿಗೊಂದು, ಆದರೆ ಇಕ್ಕಳ, ಸ್ಕ್ರೂಡ್ರೈವರ್, ವೈರ್ ಸ್ಟ್ರಿಪ್ಪರ್ ಒಬ್ಬೊಬ್ಬರಿಗೂ ಬೇರೆ ಬೇರೆ. ಇದು ಸಣ್ಣ ವಿಷಯ ಅನ್ನಿಸಬಹುದು. ಇಬ್ಬರಿಗೆ ಒಂದೇ ಸ್ಟ್ರಿಪ್ಪರ್ ಕೊಟ್ಟು ನೋಡಿ, ಚುರುಕಾದ ಮಗು ವೈರ್ ಬಿಡಿಸುತ್ತಾ ಹೋಗುತ್ತದೆ, ಸಂಕೋಚದ ಮಗು ಪಕ್ಕದಲ್ಲಿ ಕೂತು ರೆಕಾರ್ಡ್ ಬರೆಯುತ್ತದೆ, ವರ್ಷ ಪೂರ್ತಿ ಹಾಗೇ ಕಳೆದುಹೋಗುತ್ತದೆ.

ಈ ಕೋರ್ಸ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಟೂ-ವೇ ಸ್ವಿಚ್ ಪಾಠ. ಮೆಟ್ಟಿಲ ಲೈಟ್‌ನದ್ದು, ಕೆಳಗೆ ಹಾಕಿ ಮೇಲೆ ಆರಿಸುವುದು. ಸರ್ಕ್ಯೂಟ್ ಸುಲಭವೇ: ಫೇಸ್ (ಕರೆಂಟ್ ಬರುವ ವೈರ್) ಮೊದಲ ಸ್ವಿಚ್‌ನ ಕಾಮನ್ ಪಾಯಿಂಟ್‌ಗೆ, ಅಂದರೆ ಸ್ವಿಚ್‌ನ ಉಳಿದೆರಡು ಪಾಯಿಂಟ್‌ಗಳಲ್ಲಿ ಒಂದಕ್ಕೆ ಸದಾ ಸೇರಿರುವ ಪಾಯಿಂಟ್‌ಗೆ, ಎರಡು ಸ್ವಿಚ್‌ಗಳ ಮಧ್ಯೆ ಎರಡು ವೈರ್, ಎರಡನೇ ಸ್ವಿಚ್‌ನ ಕಾಮನ್‌ನಿಂದ ಬಲ್ಬ್‌ಗೆ, ಬಲ್ಬ್‌ನಿಂದ ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವೈರ್). ಇದನ್ನು ಬೋರ್ಡ್ ಮೇಲೆ ಜೋಡಿಸಿ ಬಲ್ಬ್ ಉರಿಸಿದರೆ ಬೇರೆ ಕಡೆ ಅಲ್ಲಿಗೆ ಪ್ರಯೋಗ ಮುಗಿಯಿತು, ಸಹಿ ಬಿತ್ತು. ಇಲ್ಲಿ ಹಾಗಲ್ಲ. ಬಲ್ಬ್ ಉರಿದ ಮೇಲೆ ಮಕ್ಕಳನ್ನು ಹೊರಗೆ ಕಳಿಸಿ, ಮೇಷ್ಟ್ರು ಪ್ರತಿ ಬೋರ್ಡ್‌ನಲ್ಲೂ ಏನೋ ಒಂದು ಕೆಡಿಸಿ ಇಡುತ್ತಾರೆ. ವಾಪಸ್ ಬಂದು ಕಂಡುಹಿಡಿಯಬೇಕು.

ಮಗಳ ಬೋರ್ಡ್‌ನಲ್ಲಿ ಎರಡನೇ ಸ್ವಿಚ್‌ನ ಕಾಮನ್ ವೈರನ್ನೂ ಪಕ್ಕದ ಪಾಯಿಂಟ್‌ನ ವೈರನ್ನೂ ಅದಲು ಬದಲು ಮಾಡಿದ್ದರು. ಇದು ಮಜಾ ಇರುವ ಫಾಲ್ಟ್. ಲೈಟ್ ಪೂರ್ತಿ ಕೈ ಕೊಡುವುದಿಲ್ಲ. ಎರಡನೇ ಸ್ವಿಚ್ ಒಂದು ಕಡೆ ಇದ್ದಾಗ ಮೊದಲನೆಯದು ಸರಿಯಾಗಿ ಕೆಲಸ ಮಾಡುತ್ತದೆ, ಇನ್ನೊಂದು ಕಡೆ ಇದ್ದಾಗ ಏನು ಮಾಡಿದರೂ ಉರಿಯುವುದಿಲ್ಲ. ಸುಮ್ನೆ ಬಲ್ಬ್ ಬದಲಾಯಿಸಿ ನೋಡೋಣ ಅನ್ನುವವರಿಗೆ ಇದು ಸಿಗುವುದಿಲ್ಲ. ಅವಳು ಮೊದಲು ಯಾವ ಸ್ಥಿತಿಯಲ್ಲಿ ಉರಿಯುತ್ತದೆ, ಯಾವುದರಲ್ಲಿ ಇಲ್ಲ ಅಂತ ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಂಡಳಂತೆ. ಆಮೇಲೆ ಸಪ್ಲೈ ತೆಗೆದು, ಸ್ವಿಚ್ ಬಿಚ್ಚಿ, ಮಲ್ಟಿಮೀಟರ್ ಅನ್ನು ಕಂಟಿನ್ಯೂಟಿಗೆ (ಎರಡು ಪಾಯಿಂಟ್ ಒಳಗೆ ಸೇರಿದ್ದರೆ ಬೀಪ್ ಅನ್ನುವ ಸೆಟ್ಟಿಂಗ್) ಇಟ್ಟು ಒಂದೊಂದೇ ಪಾಯಿಂಟ್ ಮುಟ್ಟಿದಳು. ಸ್ವಿಚ್ ಯಾವ ಕಡೆ ಇದ್ದರೂ ಯಾವುದೋ ಒಂದರ ಜೊತೆ ಬೀಪ್ ಅನ್ನುವ ಪಾಯಿಂಟೇ ಕಾಮನ್. ಅದು ಸಿಕ್ಕಮೇಲೆ ತಪ್ಪು ವೈರ್ ತಾನಾಗೇ ಕಾಣುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಇದೇ ಹುಡುಗಿ ಸರ್ಕ್ಯೂಟ್ ಚಿತ್ರ ಬಾಯಿಪಾಠ ಮಾಡುತ್ತಿದ್ದಳು.

ಸುರಕ್ಷತೆ ವಿಷಯದಲ್ಲಿ ದೂರು ಇಲ್ಲ. ಮೊದಲ ತಿಂಗಳುಗಳಲ್ಲಿ ಬೋರ್ಡ್‌ಗಳೆಲ್ಲ 24 ವೋಲ್ಟ್ ಸಪ್ಲೈನಲ್ಲೇ ಓಡುತ್ತವೆ, ಮೇನ್ಸ್, ಅಂದರೆ ಮನೆಗೆ ಬರುವ ಕರೆಂಟ್, ಮುಟ್ಟುವುದು ಆಮೇಲೆ, ಅದೂ ಮೇಷ್ಟ್ರು ಪಕ್ಕದಲ್ಲಿದ್ದಾಗ. ಉಂಗುರ, ಬಳೆ ತೆಗೆಯಬೇಕು, ಕೂದಲು ಕಟ್ಟಬೇಕು. ಓದುವ ಕನ್ನಡಕ ಇದೆ ಅಂದರೆ ಒಪ್ಪುವುದಿಲ್ಲ, ಅದರ ಮೇಲೆ ಸೇಫ್ಟಿ ಗಾಗಲ್ ಬೇಕೇ ಬೇಕು. ಲೈನ್‌ನಲ್ಲಿ ಕರೆಂಟ್ ಇಲ್ಲ ಅಂತ ನೋಡುವ ಕ್ರಮವನ್ನೂ ಸರಿಯಾಗಿ ಕಲಿಸಿದ್ದಾರೆ: ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೊದಲು ಮೀಟರ್ ಇಟ್ಟು ನೋಡು, ಆಮೇಲೆ ಕೆಲಸ ಮಾಡುವ ಲೈನ್ ನೋಡು, ಮತ್ತೆ ಗೊತ್ತಿರುವ ಕಡೆ ನೋಡು. ಮಧ್ಯದಲ್ಲಿ ಮೀಟರೇ ಕೆಟ್ಟಿದ್ದರೆ ಮೂರನೇ ಸಲ ಗೊತ್ತಾಗುತ್ತದೆ. ಟೆಸ್ಟರ್‌ನ ಪುಟ್ಟ ದೀಪ ಉರಿಯಲಿಲ್ಲ, ಹಾಗಾದರೆ ಕರೆಂಟ್ ಇಲ್ಲ ಅಂತ ಕೈ ಹಾಕುವ ದೊಡ್ಡವರೇ ಎಷ್ಟು ಜನ ಇದ್ದಾರೆ, ಅಲ್ವಾ?

ಸೋಲ್ಡರಿಂಗ್, ಅಂದರೆ ಸೋಲ್ಡರ್ ಅನ್ನುವ ತವರ-ಸೀಸದ ತಂತಿ ಕರಗಿಸಿ ಬೆಸೆಯುವ ಭಾಗ ಕೂಡ ಗಟ್ಟಿ. ಸೋಲ್ಡರನ್ನು ಬಿಸಿ ಐರನ್ ತುದಿಗೆ ಮೆತ್ತಿಸಿಕೊಂಡು ಬಂದು ಬಳಿಯಬಾರದು ಅಂತ ಮೊದಲ ದಿನವೇ ಹೇಳಿದ್ದಾರೆ. ಪ್ಯಾಡನ್ನೂ (ಬೋರ್ಡ್ ಮೇಲಿನ ತಾಮ್ರದ ಚುಕ್ಕೆ) ಬಿಡಿಭಾಗದ ಕಾಲನ್ನೂ ಒಟ್ಟಿಗೆ ಬಿಸಿ ಮಾಡಿ, ಆ ಬಿಸಿಗೆ ಸೋಲ್ಡರ್ ತಾನೇ ಕರಗಿ ಹರಿಯಬೇಕು. ಮೊದಲು ಸೋಲ್ಡರ್ ತೆಗೆ, ಆಮೇಲೆ ಐರನ್ ತೆಗೆ, ಗಟ್ಟಿಯಾಗುವ ತನಕ ಅಲ್ಲಾಡಿಸಬೇಡ. 63/37 (ತವರ 63, ಸೀಸ 37 ಪಾಲು) ಸೋಲ್ಡರ್ 183 ಡಿಗ್ರಿಗೇ ಕರಗುತ್ತದಲ್ಲ, ಐರನ್ ಯಾಕೆ 350ಕ್ಕೆ ಇಡುತ್ತೀರಿ ಅಂತ ಯಾರೋ ಒಬ್ಬ ಹುಡುಗ ಕೇಳಿದನಂತೆ. ಒಳ್ಳೇ ಪ್ರಶ್ನೆ. ತುದಿ ಮುಟ್ಟಿದ ಕೂಡಲೇ ತಾಮ್ರ ಆ ಬಿಸಿಯನ್ನು ಎಳೆದುಕೊಳ್ಳುತ್ತದೆ, ಕಡಿಮೆ ಇಟ್ಟರೆ ಐರನ್ ಅನ್ನು ತುಂಬಾ ಹೊತ್ತು ಒತ್ತಿ ಹಿಡಿಯಬೇಕಾಗುತ್ತದೆ, ಆಗ ಪ್ಯಾಡೇ ಕಿತ್ತು ಬರಬಹುದು. ಉತ್ತರ ಹೇಳುವ ಬದಲು ಆ ಹುಡುಗನ ಕೈಗೇ ಐರನ್ ಕೊಟ್ಟು, ಎರಡೂ ಬಿಸಿಯಲ್ಲಿ ಹಳೇ ಬೋರ್ಡ್ ಮೇಲೆ ಮಾಡಿಸಿದ್ದಾರೆ. ಮೇಷ್ಟ್ರಿಗೆ ಇದಕ್ಕೇ ಒಂದು ನಮಸ್ಕಾರ. ಕೊರತೆ ಏನೆಂದರೆ ಹೊಗೆ ಎಳೆಯುವ ಫ್ಯಾನ್ ಎಲ್ಲಾ ಬೆಂಚ್‌ಗೂ ಇಲ್ಲ. ಆ ಹೊಗೆ ಬಹುಪಾಲು ಫ್ಲಕ್ಸ್‌ನದ್ದು (ಸೋಲ್ಡರ್ ಚೆನ್ನಾಗಿ ಹಿಡಿಯಲಿ ಅಂತ ಇರುವ ಅಂಟು), ಆದರೂ ಮಕ್ಕಳು ಬಗ್ಗಿ ಬಗ್ಗಿ ಅದನ್ನೇ ಉಸಿರಾಡುತ್ತಾರೆ. ಸೀಸದ ಸೋಲ್ಡರ್ ಬಳಸುವಾಗ ತಿನ್ನುವ ಮೊದಲು ಕೈ ತೊಳೆಯಲೇಬೇಕು, ಆದರೆ ವರ್ಕ್‌ಶಾಪ್ ಪಕ್ಕದ ನಲ್ಲಿಯಲ್ಲಿ ಸೋಪು ಇರುವುದು ಅಪರೂಪ.

ಆರ್ಡುಯಿನೋ (ಕೋಡ್ ಬರೆದು ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬ್ರೋಷರ್ ಮುಖಪುಟದಲ್ಲಿ ಇರುವುದು ಅದೇ, ಕಲಿಕೆ ಕಡಿಮೆ ಆಗಿರುವುದೂ ಅಲ್ಲೇ. ಕೋಡ್ ಕಾಪಿ ಮಾಡಿ, ಎಲ್‌ಇಡಿ ಮಿನುಗಿಸಿ, ವಿಡಿಯೋ ಮಾಡಿ, ಮುಗೀತು. ಕರೆಂಟ್ ತಡೆಯುವ 220 ಓಮ್ ರೆಸಿಸ್ಟರ್ ಯಾಕೆ ಹಾಕಿದೆ ಅಂತ ಮಗಳನ್ನು ಕೇಳಿದರೆ 'ಕಿಟ್‌ನಲ್ಲಿ ಅದೇ ಇತ್ತು' ಅಂದಳು. 5 ವೋಲ್ಟ್‌ನಲ್ಲಿ ಕೆಂಪು ಎಲ್‌ಇಡಿಗೆ ಸುಮಾರು 2 ಹೋದರೆ ಉಳಿದ 3 ವೋಲ್ಟ್‌ಗೆ 220 ಓಮ್‌ನಲ್ಲಿ 13-14 ಮಿಲಿ ಆಂಪಿಯರ್ ಹರಿಯುತ್ತದೆ, ಒಂದು ಪಿನ್‌ನಿಂದ 20ರ ಒಳಗೆ ಎಳೆದರೆ ಕ್ಷೇಮ. ಎರಡು ನಿಮಿಷದ ಲೆಕ್ಕ. ಸ್ವಿಚ್ ಬೋರ್ಡ್‌ಗೆ ಅಷ್ಟು ಶ್ರಮ ಪಟ್ಟವರು ಇಲ್ಲಿ ಯಾಕೆ ಓಡಿಬಿಟ್ಟರೋ ಗೊತ್ತಿಲ್ಲ.

ಈಗ ಬಾಗಿಲಿನ ಆಚೆಗೆ. ಮೊದಲನೆಯದು ಪರೀಕ್ಷೆ. ವರ್ಷ ಪೂರ್ತಿ ಕೈಯಲ್ಲಿ ಕೆಲಸ ಮಾಡಿಸಿ ಕೊನೆಗೆ 'ಮಲ್ಟಿಮೀಟರ್‌ನ ಐದು ಉಪಯೋಗಗಳನ್ನು ಬರೆಯಿರಿ' ಅಂತ ಕೇಳುತ್ತಾರೆ. ಈಜು ಕಲಿಸಿ ನೀರಿನ ಬಗ್ಗೆ ಪ್ರಬಂಧ ಬರೆಸಿದ ಹಾಗೆ. ರೆಕಾರ್ಡ್ ಪುಸ್ತಕದಲ್ಲಿ ಗೆರೆ ನೇರ ಇಲ್ಲ ಅಂತ ಅಂಕ ಕಳೆದಿದ್ದಾರೆ. ಫಾಲ್ಟ್ ಹುಡುಕಿದ್ದಕ್ಕೆ ಒಂದು ಅಂಕವೂ ಇಲ್ಲ!

ಎರಡನೆಯದು ಇಂಟರ್ನ್‌ಶಿಪ್. ಒಂದು ಪ್ಯಾನೆಲ್ ಬೋರ್ಡ್ ಮಾಡುವ ಜಾಗಕ್ಕೆ ಕಳಿಸಿದರು. ಅಲ್ಲಿ ಯಾರಿಗೂ ಈ ಮಕ್ಕಳು ಬರುತ್ತಾರೆ ಅಂತ ಹೇಳಿಯೇ ಇರಲಿಲ್ಲ. ಮಕ್ಕಳು ಗೋಡೆ ಪಕ್ಕ ನಿಂತು ನೋಡಿದರು, ಗ್ರೂಪ್ ಫೋಟೋ ತೆಗೆಸಿಕೊಂಡರು, ಸರ್ಟಿಫಿಕೇಟ್ ಬಂತು. ಜರ್ಮನಿಯಲ್ಲಿ ಕಲಿಯುವವರು ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು, ವಾರದಲ್ಲಿ ಹೆಚ್ಚು ದಿನ ಅಲ್ಲೇ ಕೆಲಸ ಮಾಡುತ್ತಾ, ಒಂದೆರಡು ದಿನ ಶಾಲೆಗೆ ಹೋಗುತ್ತಾರೆ, ಕಲಿಯುವಾಗಲೇ ಸಂಬಳವೂ ಸಿಗುತ್ತದೆ. ಅದಕ್ಕೆ 1969ರಿಂದ ಒಂದು ಕಾನೂನೇ ಇದೆ. ಅಷ್ಟು ಯಾರೂ ಕೇಳುತ್ತಿಲ್ಲ. ಆದರೆ ಒಂದು ವೈರ್ ತುದಿಗೆ ಲಗ್ (ಲೋಹದ ತುದಿ) ಹಾಕಿ ಕ್ರಿಂಪ್ ಮಾಡಲು, ಅಂದರೆ ಒತ್ತಿ ಬಿಗಿಯಲು ಬಿಟ್ಟಿದ್ದರೂ ಸಾಕಿತ್ತು.

ಮೂರನೆಯದು ಹೇಳಲು ಬೇಜಾರು. ಮಾರ್ಕ್ಸ್ ಕಡಿಮೆ ಇರುವವರನ್ನು ಈ ಕೋರ್ಸ್‌ಗೆ ತಳ್ಳುವ ಅಭ್ಯಾಸ ಇದೆ. ಸೇರಿಸುವಾಗ ನಮಗೂ 'ನಿಮ್ಮ ಮಗಳು ಚೆನ್ನಾಗಿ ಓದುತ್ತಾಳಲ್ಲ, ಇದಕ್ಕೆ ಯಾಕೆ?' ಅಂತ ಆಫೀಸಿನಲ್ಲೇ ಕೇಳಿದರು. ಕೋರ್ಸ್ ಮಾರುವವರೇ ಹೀಗೆ ಕೇಳಿದರೆ ಮಕ್ಕಳಿಗೆ ಏನನ್ನಿಸಬೇಕು? ಇದು ಹಳೇ ರೋಗ. ಅಮೆರಿಕದಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯ್ದೆ ಕಸುಬು ಕಲಿಸಲು ಸರ್ಕಾರದ ದುಡ್ಡು ಕೊಟ್ಟಿತು, ಜೊತೆಗೆ ಆ ಮಕ್ಕಳು ಬೇರೆ, ಓದುವ ಮಕ್ಕಳು ಬೇರೆ ಅನ್ನುವ ಗೋಡೆಯನ್ನೂ ಗಟ್ಟಿ ಮಾಡಿತು. ಟೂ-ವೇ ಸ್ವಿಚ್‌ನ ಫಾಲ್ಟ್ ಹುಡುಕಲು ತಲೆ ಬೇಡ ಅನ್ನುವವರು ಒಮ್ಮೆ ಆ ಬೋರ್ಡ್ ಮುಂದೆ ಕೂರಲಿ.

ನೀವು ಇಂಥ ಕೋರ್ಸ್ ನೋಡಲು ಹೋದರೆ ಆಫೀಸಿನಲ್ಲಿ ಕೂರಬೇಡಿ, ಕ್ಲಾಸ್ ನಡೆಯುವಾಗ ವರ್ಕ್‌ಶಾಪ್ ತೋರಿಸಿ ಅನ್ನಿ. ಉಪಕರಣ ಹೊಳೆಯುತ್ತಿದ್ದರೆ ಅನುಮಾನ ಪಡಿ. ಸ್ಕ್ರೂಡ್ರೈವರ್ ಹಿಡಿ ಸವೆದಿರಬೇಕು, ಕಸದ ಡಬ್ಬಿಯಲ್ಲಿ ತುಂಡು ವೈರ್ ತುಂಬಿರಬೇಕು. ವೈರ್, ಸೋಲ್ಡರ್ ಖಾಲಿಯಾದರೆ ಯಾರು ತರುತ್ತಾರೆ, ಎಷ್ಟು ದಿನ ಆಗುತ್ತದೆ ಅಂತಲೂ ಕೇಳಿ, ಯಾಕೆಂದರೆ ಪ್ರಾಕ್ಟಿಕಲ್ ನಿಂತುಹೋಗುವುದು ಸಾಮಾನ್ಯವಾಗಿ ಅಲ್ಲೇ. ಮೇಷ್ಟ್ರು ಮೊದಲು ಸ್ವತಃ ಆ ಕೆಲಸ ಮಾಡಿದವರಾ ಅಂತ ಮೆಲ್ಲಗೆ ವಿಚಾರಿಸಿ. ನಮ್ಮವರು ಮಾಡಿದವರು, ಅದು ಅವರ ಕೈ ನೋಡಿದರೇ ಗೊತ್ತಾಗುತ್ತದೆ.

ಒಟ್ಟು ಐದಕ್ಕೆ ಮೂರೂವರೆ. ಎರಡನೇ ವರ್ಷಕ್ಕೂ ಅಲ್ಲೇ ಮುಂದುವರಿಸುತ್ತಿದ್ದೇವೆ, ಮಗಳದ್ದೇ ಹಟ. ಮೋಟಾರ್ ವೈಂಡಿಂಗ್ ಬರುತ್ತದಂತೆ. ಇಂಟರ್ನ್‌ಶಿಪ್ ಬಗ್ಗೆ ಉಳಿದ ತಂದೆ ತಾಯಂದಿರ ಜೊತೆ ಸೇರಿ ಒಂದು ಪತ್ರ ಕೊಟ್ಟಿದ್ದೇವೆ, ಉತ್ತರ ಬಂದರೆ ಇಲ್ಲೇ ಸೇರಿಸುತ್ತೇನೆ.