ಮೋಸ ಗುರುತಿಸಲು ಕಲಿಸುವ ಕೌಂಟರ್: ಗಂಗಾವತಿಯ ಒಂದು ಆನ್‌ಲೈನ್ ಸೆಂಟರ್

ಗಂಗಾವತಿ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಈ ಆನ್‌ಲೈನ್ ಸೆಂಟರಿಗೆ ನಾನು ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರದ ಅರ್ಜಿ, ಪಿಎಂ ಕಿಸಾನ್ ಇ-ಕೆವೈಸಿ, ಝೆರಾಕ್ಸ್ ಇವೆಲ್ಲ ಊರಿನ ಬೇರೆ ಸೆಂಟರುಗಳಂತೆ ಇಲ್ಲಿಯೂ ನಡೆಯುತ್ತವೆ. ಆದರೆ ನಾನು ಬರೆಯಬೇಕೆಂದಿರುವುದು ಅಂಗಡಿಯ ಫಲಕದಲ್ಲಿ ಇಲ್ಲದ ಒಂದು ಸೇವೆಯ ಕುರಿತು. ವಾಟ್ಸ್ಆ್ಯಪಿನಲ್ಲೋ ಫೇಸ್‌ಬುಕ್ಕಿನಲ್ಲೋ ಬಂದ ಸಂದೇಶವನ್ನು ತೋರಿಸಿ, ಇದು ಖರೆಯೋ ಸುಳ್ಳೋ ಎಂದು ಕೇಳಲು ಸುತ್ತಲಿನ ಹಳ್ಳಿಗಳ ಜನ ಇಲ್ಲಿಗೆ ಬರುತ್ತಾರೆ. ಅಂಗಡಿಯ ಒಂದು ದೊಡ್ಡ ಲೋಪವನ್ನೂ ಹೇಳಬೇಕಾಗಿರುವುದರಿಂದ ಹೆಸರನ್ನು ಬರೆಯುತ್ತಿಲ್ಲ.

ಈ ಸೇವೆಯ ಬೆಲೆ ನನಗೆ ತಿಳಿದದ್ದು ನನ್ನ ಸೋದರಮಾವನಿಂದ. ಅವರು ಕಾರಟಗಿ ಕಡೆಯ ಭತ್ತದ ರೈತರು. ಊರಿನ ಗ್ರೂಪಿನಲ್ಲಿ ಪರಿಚಯದವರದೇ ನಂಬರಿನಿಂದ ಪಿಎಂ ಕಿಸಾನ್ ಹೆಸರಿನ ಒಂದು ಫೈಲ್ ಬಂದಿತ್ತು; ಇ-ಕೆವೈಸಿ ಮಾಡದಿದ್ದರೆ 2,000 ರೂಪಾಯಿಯ ಕಂತು ನಿಲ್ಲುತ್ತದೆ ಎಂದು ಅದರ ಕೆಳಗೆ ಬರೆದಿತ್ತು. ಇ-ಕೆವೈಸಿ ಕಡ್ಡಾಯ ಎಂಬುದು ನಿಜವೇ ಆದ್ದರಿಂದ ಮಾವನಿಗೆ ಸಂಶಯ ಬರಲಿಲ್ಲ. ಫೈಲ್ ಒತ್ತಿದರು, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರು. ಮರುದಿನ ಬೆಳಿಗ್ಗೆ ಎರಡು ಕಂತಿನಲ್ಲಿ 42,000 ರೂಪಾಯಿ ಹೋಗಿರುವುದು ಗೊತ್ತಾದಾಗ, ಯಾರಿಗೆ ಹೇಳಬೇಕೆಂದು ತಿಳಿಯದೆ ನೇರವಾಗಿ ಈ ಸೆಂಟರಿಗೆ ಬಂದರು.

ಮಾಲೀಕರು ಆಗ ನಡೆದುಕೊಂಡ ರೀತಿಯನ್ನು ನಾನು ಕಣ್ಣಾರೆ ಕಂಡೆ. ‘ಹೆಂಗ ಒತ್ತಿದ್ರಿ?’ ಎಂದು ಮಾವನನ್ನು ಗದರಿಸಲಿಲ್ಲ. ಮೊಬೈಲಿನ ಡೇಟಾ ಆರಿಸಿ, ಹೊಸ ಒಟಿಪಿ ಬಾರದಂತೆ ಸಿಮ್ ಹೊರತೆಗೆದರು. ಸರದಿಯಲ್ಲಿದ್ದವರನ್ನು ನಿಲ್ಲಿಸಿ, ತಮ್ಮ ಫೋನಿನಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು. ಪಾಸ್‌ಬುಕ್ಕಿನ ಖಾತೆ ಸಂಖ್ಯೆ, ಹಣ ಹೋದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ ಇವನ್ನು ಕರೆ ಮಾಡುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡದ್ದರಿಂದ ಮಾತು ಎಲ್ಲಿಯೂ ತಡವರಿಸಲಿಲ್ಲ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ತುಂಬಿ, ಅದರ ಪ್ರತಿಯೊಂದಿಗೆ ಮಾವನನ್ನು ಬ್ಯಾಂಕಿಗೂ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಕೊಪ್ಪಳದ ಸಿಇಎನ್ ಪೊಲೀಸ್ ಠಾಣೆಗೂ ಕಳುಹಿಸಿದರು.

1930ಕ್ಕೆ ದೂರು ಮುಟ್ಟಿದೊಡನೆ ಹಣ ಸೇರಿರುವ ಬ್ಯಾಂಕಿಗೆ ಸೂಚನೆ ಹೋಗುತ್ತದೆ; ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಸಾಗುತ್ತದೆ. ಹೀಗಾಗಿ ಕಳ್ಳರು ಹಣ ತೆಗೆಯುವ ವೇಗಕ್ಕಿಂತ ನಮ್ಮ ಕರೆ ಮುಂದಿರಬೇಕು. ಮಾವನ ಮೊದಲ ಕಂತು 17,000 ಅಷ್ಟರಲ್ಲೇ ಕೈಬಿಟ್ಟಿತ್ತು. ಎರಡನೆಯ 25,000 ತಡೆಹಿಡಿಯಲ್ಪಟ್ಟು, ನ್ಯಾಯಾಲಯದ ಆದೇಶವಾದ ಮೇಲೆ ತಿಂಗಳುಗಳ ನಂತರ ಖಾತೆಗೆ ಮರಳಿತು. ಕರೆಗೆ ಮಾಲೀಕರು ಹಣ ಪಡೆಯಲಿಲ್ಲ. ದೂರು ತುಂಬಿ ಮುದ್ರಿಸಿದ್ದಕ್ಕೆ 50 ರೂಪಾಯಿ ತೆಗೆದುಕೊಂಡರು.

ಕೌಂಟರಿನ ಪಕ್ಕದ ಗೋಡೆಗೆ ಜನ ತಂದು ತೋರಿಸಿದ ಸುಳ್ಳು ಸಂದೇಶಗಳ ಮುದ್ರಿತ ಪ್ರತಿಗಳನ್ನು ಅಂಟಿಸಲಾಗಿದೆ. ಮದುವೆ ಪತ್ರಿಕೆಯ ಹೆಸರಿನ ಫೈಲ್, ಸಂಚಾರ ದಂಡದ ಚಲನ್ ಹೆಸರಿನ ಫೈಲ್, ವರ್ಗಾವಣೆಯಾದ ಅಧಿಕಾರಿಯ ಮನೆಸಾಮಾನು ಅಗ್ಗಕ್ಕೆ ಇದೆ ಎನ್ನುವ ನಕಲಿ ಫೇಸ್‌ಬುಕ್ ಖಾತೆ, ಹಣ ಎರಡು ಪಟ್ಟು ಮಾಡಿಕೊಡುವ ಟೆಲಿಗ್ರಾಂ ಗ್ರೂಪು ಎಲ್ಲವೂ ಅಲ್ಲಿವೆ. ಮಾಲೀಕರು ಪ್ರತಿ ಹಾಳೆಯಲ್ಲೂ ಗುಟ್ಟು ಎಲ್ಲಿದೆಯೋ ಅಲ್ಲಿ ಕೆಂಪು ಶಾಯಿಯ ವೃತ್ತ ಎಳೆದಿದ್ದಾರೆ. ಮದುವೆ ಪತ್ರಿಕೆ ಚಿತ್ರವಾಗಿದ್ದರೆ ಫೈಲಿನ ಹೆಸರಿನ ಕೊನೆಯಲ್ಲಿ ಜೆಪಿಜಿ ಅಥವಾ ಪಿಡಿಎಫ್ ಎಂದಿರುತ್ತದೆ. ಎಪಿಕೆ ಎಂದಿದ್ದರೆ ಅದು ಮೊಬೈಲಿನೊಳಗೆ ಇಳಿದು ಕೂರುವ ಆ್ಯಪ್. ಅದು ಬಂದ ಎಸ್ಎಂಎಸ್‌ಗಳನ್ನು ಕಳ್ಳರಿಗೆ ದಾಟಿಸುವುದಲ್ಲದೆ, ಮೊಬೈಲಿನ ಮಾಲೀಕನ ಹೆಸರಿನಲ್ಲೇ ಅವನ ಬಳಗಕ್ಕೆಲ್ಲ ಹೋಗಬಲ್ಲದು. ಪರಿಚಯದವರ ನಂಬರಿನಿಂದ ಬಂದಿದೆ ಎಂಬ ಧೈರ್ಯವೇ ಮಾವನನ್ನು ಕೆಡಿಸಿದ್ದು ಇದರಿಂದ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ವಿಡಿಯೋ ಕರೆಯಲ್ಲಿ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಕಾನೂನಿನಲ್ಲೇ ಇಲ್ಲ ಎಂಬ ಎರಡು ಸಾಲುಗಳು ದಪ್ಪಕ್ಷರದಲ್ಲಿವೆ.

ಸುಳ್ಳು ಸುದ್ದಿಗೂ ಅಲ್ಲಿ ಜಾಗವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಅಣೆಕಟ್ಟೆಯೇ ಒಡೆಯಿತೆಂದು ಹೇಳುವ ಒಂದು ವಿಡಿಯೋ ನಮ್ಮ ಗ್ರೂಪಿಗೂ ಬಂದಿತ್ತು. ಮಾಲೀಕರು ಅದರ ಒಂದು ಚಿತ್ರವನ್ನು ಮುದ್ರಿಸಿ ಅಂಟಿಸಿದ್ದಾರೆ. ನಮ್ಮ ಅಣೆಕಟ್ಟೆಗೆ 33 ಗೇಟುಗಳು, ಚಿತ್ರದಲ್ಲಿದ್ದದ್ದು ಕೆಲವೇ. ಮುನಿರಾಬಾದಿಗೆ ಎಷ್ಟು ಸಲ ಹೋಗಿ ಬಂದಿದ್ದರೂ ನಾವ್ಯಾರೂ ಗೇಟು ಎಣಿಸುವ ಗೋಜಿಗೆ ಹೋಗಿರಲಿಲ್ಲ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಯಿಂದ ಒಬ್ಬ ಯುವಕನ ಪ್ರಾಣವೇ ಹೋದದ್ದನ್ನು ನೆನೆದರೆ, ಈ ಗೋಡೆಯ ಕೆಲಸ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಲೋಪ. ‘ಒಟಿಪಿ ಯಾರಿಗೂ ಹೇಳಬ್ಯಾಡ್ರಿ’ ಎಂದು ಬರೆದ ಹಾಳೆಯ ಕೆಳಗೇ ಕುಳಿತ ಹುಡುಗರು ದಿನವಿಡೀ ‘ಒಟಿಪಿ ಬಂತೇನ್ರಿ ಯಜಮಾನ್ರ? ಹೇಳ್ರಿ’ ಎಂದು ಕೇಳುತ್ತಿರುತ್ತಾರೆ, ಹಿರಿಯರು ಮೊಬೈಲನ್ನೇ ಅವರ ಕೈಗಿಡುತ್ತಾರೆ. ಅರ್ಜಿಯ ಕೆಲಸಕ್ಕೆ ಒಟಿಪಿ ಬೇಕು ಎಂಬುದು ನಿಜ, ಈ ಹುಡುಗರು ನಂಬಿಗಸ್ತರೂ ಹೌದು. ಆದರೂ ಕೆಲಸ ಮಾಡಿಕೊಡುವವನು ಕೇಳಿದೊಡನೆ ಆರಂಕಿ ಹೇಳುವುದು ಹೀಗೆ ರೂಢಿಯಾಗಿಬಿಟ್ಟರೆ, ನಾಳೆ ಬ್ಯಾಂಕಿನವನೆಂದು ಫೋನಿನಲ್ಲಿ ಮಾತಾಡುವವನಿಗೂ ಅದೇ ನಾಲಿಗೆ ಉತ್ತರ ಕೊಡುತ್ತದೆ. ಗೋಡೆ ಕಲಿಸಿದ್ದನ್ನು ಕೌಂಟರ್ ಮರೆಸುತ್ತಿದೆ. ಇದರ ಜೊತೆಗೆ, ಗಿರಾಕಿಗಳ ಆಧಾರ್ ಪ್ರತಿಗಳು ಕೆಲಸ ಮುಗಿದ ಮೇಲೂ ಕಂಪ್ಯೂಟರಿನಲ್ಲಿ ಉಳಿದಿರುವುದನ್ನು ನೋಡಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆಗೂ ಪೂರ್ತಿ ಪ್ರತಿಯನ್ನೇ ಕೇಳುತ್ತಾರೆ.

ಇದನ್ನು ನಾನು ಮಾಲೀಕರಿಗೆ ಹೇಳಿದೆ. ಅವರು ಬೇಸರಿಸಲಿಲ್ಲ. ಆಧಾರ್ ಪ್ರತಿಗಳನ್ನು ನನ್ನೆದುರೇ ಅಳಿಸಿದರು. ಪ್ರತಿ ಸಂಜೆ ಅಳಿಸುವುದಾಗಿಯೂ ಹೇಳಿದರು. ಒಟಿಪಿಯನ್ನು ಗಿರಾಕಿಗಳೇ ಒತ್ತುವಂತೆ ಕೌಂಟರಿನ ಹೊರಬದಿಗೆ ಒಂದು ಚಿಕ್ಕ ಅಂಕಿಗಳ ಕೀಲಿಮಣೆ ಜೋಡಿಸುವುದಾಗಿ ಒಪ್ಪಿದರು. ಅಂಕಿ ಓದಲು ಬಾರದ ಹಿರಿಯರಿಗೆ ಏನು ಮಾಡುವುದೆಂದು ಅವರು ಕೇಳಿದಾಗ, ಬೆರಳಚ್ಚು ಕೊಟ್ಟು ಮಾಡಬಹುದಾದ ಇ-ಕೆವೈಸಿಯಂಥ ಕೆಲಸಗಳನ್ನು ಹಾಗೆಯೇ ಮಾಡಿರಿ ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಕಳೆದ ವಾರ ಹೋದಾಗ ಕೀಲಿಮಣೆ ಬಂದಿತ್ತು, ಆದರೆ ಅದರ ತಂತಿ ಕೌಂಟರಿನ ಹೊರಬದಿಯವರೆಗೆ ನಿಲುಕುತ್ತಿರಲಿಲ್ಲ. ಉದ್ದದ ತಂತಿ ತರಿಸಲು ಹೇಳಿದ್ದಾರೆ.